ನಿಂಬೆ ವಾಸನೆಯ ಕಾರು

"ಥೂ!"

ಕಾರಿನ ಬಾಗಿಲು ತೆರೆದದ್ದೇ ತಡ, ಅವಳ ಬಾಯಿಂದ ಆ ಮಾತು ತಾನಾಗಿಯೇ ಹೊರಬಿತ್ತು.

ಕಡುಹಸಿರು ಬಣ್ಣದ ಸ್ಪೋರ್ಟ್ಸ್ ಕಾರು. ನೆಲಕ್ಕೆ ಅಂಟಿಕೊಂಡಂಥ ಮೈ, ಎರಡೇ ಸೀಟು, ಮುಖ ಕಾಣುವಷ್ಟು ಉಜ್ಜಿದ ಬಾನೆಟ್ಟು. ಆದರೆ ಒಳಗೆ...! ಹುಳಿಹುಳಿ ನಾತ. ಅದನ್ನು ಮುಚ್ಚಲು ಯಾರೋ ಧಾರಾಳವಾಗಿ ಸುರಿದ ನಿಂಬೆಯ ಪರಿಮಳ. ಎರಡೂ ಸೇರಿ ಅವಳ ಗಂಟಲಲ್ಲೇ ಬಂದು ಕೂತವು.

ಹಳೆಯ ಕಾರುಗಳನ್ನು ಪರೀಕ್ಷಿಸಿ ವರದಿ ಕೊಡುವುದು ಅವಳ ಕೆಲಸ. ಆ ಪರೀಕ್ಷಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು 'ಮೂಗು' ಅಂತಲೇ ಕರೆಯುತ್ತಿದ್ದರು. ಉಳಿದವರು ಯಂತ್ರ ಹಚ್ಚಿ ಹುಡುಕುವುದನ್ನು ಅವಳು ಮೂಸಿಯೇ ಹೇಳಿಬಿಡುತ್ತಿದ್ದಳು. ನೀರಲ್ಲಿ ಮುಳುಗಿ ಎದ್ದ ಕಾರು, ಬೆಂಕಿ ತಗುಲಿದ ಮೇಲೆ ಬಣ್ಣ ಬಳಿಸಿಕೊಂಡ ಕಾರು, ಸೋರುವ ಎಣ್ಣೆಯನ್ನು ಒರೆಸಿ ತಂದ ಕಾರು... ಯಾವುದೂ ಅವಳ ಮೂಗಿನಿಂದ ತಪ್ಪಿಸಿಕೊಂಡದ್ದಿಲ್ಲ.

"ಈ ಕಾರಲ್ಲಿ ವಾಂತಿ ಮಾಡ್ಕೊಂಡಿದ್ದು ಯಾರು?" ಅವಳು ಜೋರಾಗಿಯೇ ಕೇಳಿದಳು.

ಕಾರು ತಂದವನು ಬೆಚ್ಚಿದ. ಸಣಕಲು ಮೈಯ, ಕಿವಿಯ ಮೇಲೆ ಒಂದೆರಡು ಬಿಳಿಗೂದಲು ಕಾಣಿಸಿಕೊಂಡ ಗಂಡಸು. ಅಂಗಿಯ ಜೇಬಿನಲ್ಲಿ ಪುಟ್ಟ ಸ್ಕ್ರೂಡ್ರೈವರ್. ಅವನದು ಕನ್ನಡಕದ ಅಂಗಡಿಯಂತೆ. ಅವನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಉಣ್ಣೆ ಟೋಪಿ ಹಾಕಿಕೊಂಡ ಮುದುಕಿಯೊಬ್ಬಳು ಕೂತಿದ್ದಳು. ಅವನ ತಾಯಿ ಇರಬೇಕು.

ಅವನು ಒಮ್ಮೆ ಆ ಕುರ್ಚಿಯ ಕಡೆ ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

"ನಾನೇ," ಅಂದ. "ನಾನೇ ಮಾಡ್ಕೊಂಡೆ."

"ಒಂದು ಸಲದ ವಾಸನೆ ಅಲ್ಲ ಇದು."

"ಹೌದು... ತುಂಬಾ ಸಲ."

'ಕುಡುಕ!' ಅವಳ ಮೈಯೆಲ್ಲ ಮುಳ್ಳೆದ್ದಿತು.

ಕುರ್ಚಿಯಲ್ಲಿದ್ದ ಮುದುಕಿ ತಲೆ ತಗ್ಗಿಸಿದ್ದನ್ನು ಅವಳು ನೋಡಲಿಲ್ಲ. ನೋಡಿದ್ದರೂ, ಇಂಥ ಮಗನನ್ನು ಹೆತ್ತದ್ದಕ್ಕೆ ನಾಚಿಕೆ ಅಂದುಕೊಳ್ಳುತ್ತಿದ್ದಳೇನೋ.

ಈ ನಿಂಬೆ ವಾಸನೆಯ ಜೊತೆ ಅವಳಿಗೆ ಹಳೆಯ ಹಗೆತನವಿತ್ತು. ಹಿಂದೆ ಗಂಡ ಅನ್ನಿಸಿಕೊಂಡಿದ್ದವನು ಕುಡಿದು ಕಾರೆಲ್ಲ ಗಲೀಜು ಮಾಡಿ, ಬೆಳಗಾಗುತ್ತಲೇ ಇದೇ ಪರಿಮಳ ಸಿಂಪಡಿಸಿ, "ನೋಡು, ಏನೂ ಆಗಿಲ್ಲ" ಅನ್ನುತ್ತಿದ್ದ. ಸೀಟು ಉಜ್ಜುತ್ತಿದ್ದವಳು ಅವಳು. ಉಗುರಿನ ಸಂದಿಯಲ್ಲಿ ಉಳಿದ ಆ ನಾತಕ್ಕೆ ಅನ್ನ ಕಲಸಿದ ಕೈಯನ್ನು ಬಾಯಿಗೆ ತರಲಾಗದೆ ಎದ್ದುಹೋದ ಊಟಗಳೆಷ್ಟೋ! ಆ ಮನೆ ಬಿಟ್ಟು ಬಂದಿದ್ದಳು. ಆದರೆ ಮೂಗು ಮರೆಯಬೇಕಲ್ಲ?

"ವರದಿ ಯಾತಕ್ಕೆ ಬೇಕು?" ದನಿಯಲ್ಲಿ ತಿರಸ್ಕಾರ ತುಳುಕುತ್ತಿತ್ತು.

"ಇದನ್ನ ದಿನಾ ಓಡಿಸಬಹುದಾ, ನಂಬಬಹುದಾ ಅಂತ ತಿಳೀಬೇಕು. ಇದು ಶೋಕಿ ಗಾಡಿ, ಒಂದಲ್ಲ ಒಂದಿನ ನಡುದಾರೀಲಿ ಕೈ ಕೊಡುತ್ತೆ ಅಂತಾಳೆ ನಮ್ಮಕ್ಕ. ನೀವು ಪರವಾಗಿಲ್ಲ ಅಂತ ಬರೆದುಕೊಟ್ಟರೆ ಇಟ್ಕೋತೀವಿ. ಇಲ್ಲಾಂದ್ರೆ ಮಾರಿಬಿಡ್ತೀವಿ ಅಂತ ಅಕ್ಕನಿಗೆ ಮಾತು ಕೊಟ್ಟಿದ್ದೀವಿ."

"ದಿನಾ ಎಲ್ಲಿಗೆ ಹೋಗ್ತೀರಿ ಇದರಲ್ಲಿ?"

"ಹೀಗೇ... ಹೋಗಿ ಬರೋದು."

ಎಲ್ಲಿಗೆ ಅಂತ ಹೇಳಲೂ ಬಾಯಿ ಬರುವುದಿಲ್ಲ! ಬಾರ್‌ಗಲ್ಲದೆ ಮತ್ತೆಲ್ಲಿಗೆ?

ಅವಳು ಕಿಟಕಿಗಳನ್ನೆಲ್ಲ ಇಳಿಸಿ, ಚಾಲಕನ ಸೀಟಿನಲ್ಲಿ ಕೂತಳು. ಅವನು ಪಕ್ಕದಲ್ಲಿ ಕೂತ. ಕಾರು ಬೀದಿಗಿಳಿಯಿತು.

ಆಶ್ಚರ್ಯ... ಎಂಜಿನ್ ಸದ್ದಿನಲ್ಲಿ ಒಂದಿಷ್ಟೂ ಒಡಕಿಲ್ಲ. ಬ್ರೇಕು ಒತ್ತಿದಲ್ಲಿ ನಿಂತಿತು. ಎಣ್ಣೆಯನ್ನು ಮೊದಲೇ ನೋಡಿದ್ದಳು, ಅದು ಹೊಸದಾಗಿತ್ತು. ಸಾಲುಗಟ್ಟಿ ನಿಂತ ವಾಹನಗಳ ನಡುವೆ ಕ್ಲಚ್ಚು ಕಾಲಿಗೆ ಭಾರವಾಗುತ್ತಿತ್ತು, ನಿಜ. ಆದರೆ ಬಿಸಿ ಏರಲಿಲ್ಲ.

"ಮುಂದೆ ಉಬ್ಬು ಇದೆ. ನೇರ ಹತ್ತಿಸಿದ್ರೆ ಹೊಟ್ಟೆ ತಾಗುತ್ತೆ. ಸ್ವಲ್ಪ ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ," ಅಂದ ಅವನು ಮೆಲ್ಲಗೆ.

"ನನಗೆ ಕಲಿಸಬೇಡಿ."

"ಇಲ್ಲ, ಇಲ್ಲ..."

ಅಷ್ಟರಲ್ಲಿ ಒಂದು ನಾಯಿ ಅಡ್ಡ ಬಂತು. ಅವಳು ಗಕ್ಕನೆ ಬ್ರೇಕ್ ಒತ್ತಿದಳು. ಅದೇ ಕ್ಷಣದಲ್ಲಿ ಅವನ ಕೈ ಅವಳ ಗಲ್ಲದ ಕೆಳಗೆ, ಬೊಗಸೆಯಂತೆ ಬಂದು ನಿಂತಿತು. ತಾಗಲಿಲ್ಲ. ಆದರೆ ತಾಗುವಷ್ಟು ಹತ್ತಿರ!

"ಕೈ ತೆಗೀರಿ!"

"ಅಯ್ಯೋ, ಕ್ಷಮಿಸಿ... ಅಭ್ಯಾಸ ಬಲ. ಗೊತ್ತಾಗಲಿಲ್ಲ."

'ಅಭ್ಯಾಸವಂತೆ! ಎಷ್ಟು ಹೆಂಗಸರ ಮೇಲೆ ಮಾಡಿದ ಅಭ್ಯಾಸವೋ!' ಅವಳು ಕಾರನ್ನು ಕೇಂದ್ರದ ಕಡೆ ತಿರುಗಿಸಿದಳು.

ವಾಪಸು ಬಂದವಳೇ ವರದಿ ಬರೆದಳು. ಎಂಜಿನ್ನಿನ ಬಗ್ಗೆ ಒಂದು ಸಾಲು. ಉಳಿದದ್ದೆಲ್ಲ ವಾಸನೆಯ ಬಗ್ಗೆ. ಕೊನೆಯಲ್ಲಿ ದಪ್ಪಕ್ಷರದಲ್ಲಿ, 'ದಿನಬಳಕೆಗೆ ನಂಬಲರ್ಹವಲ್ಲ.'

ಬರೆಯುವಾಗ ಕಾರನ್ನು ನೆನೆದಿದ್ದಳೋ, ಕಾರಿನವನನ್ನೋ? ಆ ಪ್ರಶ್ನೆ ಅವಳಿಗೆ ಆ ಹೊತ್ತು ಹೊಳೆಯಲಿಲ್ಲ.

* * *

ಕೆಲವು ದಿನ ಕಳೆದು ಅವನು ಮತ್ತೆ ಬಂದ. ಈ ಬಾರಿ ನಡೆದುಕೊಂಡು, ಒಬ್ಬನೇ.

"ಒಂದೇ ಮಾತು ಕೇಳ್ಬೇಕಿತ್ತು. ನೀವು ಕ್ಲಚ್ ಬಗ್ಗೆ ಬರೆದಿಲ್ಲ, ಬ್ರೇಕ್ ಬಗ್ಗೆ ಬರೆದಿಲ್ಲ. ಬರೀ ವಾಸನೆ ಬಗ್ಗೆ ಬರೆದಿದ್ದೀರಿ. ವಾಸನೆಯಿಂದ ಕಾರು ಕೆಟ್ಟು ನಿಲ್ಲುತ್ತಾ?"

ಅವಳಿಗೆ ರೇಗಿತು. "ಕುಡಿದು ಓಡಿಸೋರ ಕೈಲಿ ಯಾವ ಕಾರೂ ನಂಬೋ ಹಾಗಿರಲ್ಲ. ಇನ್ನೂ ಬಿಡಿಸಿ ಹೇಳ್ಬೇಕಾ? ನಿಮ್ಮಂಥೋರನ್ನ ಕಂಡ್ರೆ ನನಗೆ ಅಸಹ್ಯ!"

ಮಾತಿನ ರಭಸಕ್ಕೆ ಅವಳ ಕನ್ನಡಕ ಮೂಗಿನ ತುದಿಗೆ ಜಾರಿತು. ತಿಂಗಳುಗಳಿಂದ ಅದು ಹಾಗೆಯೇ ವಾಲಿಕೊಂಡು, ಒಂದು ಕಿವಿಯನ್ನು ಕೊರೆಯುತ್ತಿತ್ತು.

ಅವನು ಬಿಳಿಚಿಕೊಂಡ ಮುಖದಲ್ಲೇ ಕೈ ಚಾಚಿದ. "ಕೊಡಿ ಅದನ್ನ."

"ಏನು?"

"ಕನ್ನಡಕ. ಆಗಿಂದ ನೋಡ್ತಿದೀನಿ, ತಡೆಯೋಕಾಗ್ತಿಲ್ಲ. ಬಯ್ಯೋದನ್ನ ಆಮೇಲೆ ಮುಂದುವರಿಸಿ."

ಏನಾಯಿತೋ, ಅವಳು ಕೊಟ್ಟುಬಿಟ್ಟಳು. ಅವನು ಜೇಬಿನ ಸ್ಕ್ರೂಡ್ರೈವರಿನಿಂದ ತಿರುಗಿಸಿದ, ಉಸಿರು ಊದಿದ, ಅಂಗಿಯ ಒಳತುದಿಯಿಂದ ಗಾಜು ಒರೆಸಿ ಮೇಜಿನ ಮೇಲಿಟ್ಟ. ಆಮೇಲೆ ಬಾಗಿಲ ಕಡೆ ಹೊರಟ.

ಹಾಕಿಕೊಂಡಳು. ಜಗತ್ತು ನೆಟ್ಟಗಾಗಿತ್ತು. ಬಾಗಿಲು ದಾಟುತ್ತಿದ್ದ ಅವನ ಬೆನ್ನು, ಸೋತವರ ಬೆನ್ನು, ಸ್ಪಷ್ಟವಾಗಿ ಕಂಡಿತು.

'ಅವನ ಉಸಿರಲ್ಲಿ ಕುಡಿತದ ವಾಸನೆ ಇರಲಿಲ್ಲ...' ಮೂಗು ಹೇಳಿತು.

'ಬಾಯಿ ಮುಚ್ಚು,' ಅಂದಳು ಅವಳು ಮೂಗಿಗೆ.

ಕೌಂಟರಿನಲ್ಲಿ ಕೂರುವ ಗೆಳತಿ ಕಣ್ಣು ಮಿಟುಕಿಸಿದಳು. "ಏನೇ ಮೂಗು, ಬೈಸಿಕೊಂಡು ಕನ್ನಡಕ ರಿಪೇರಿ ಮಾಡಿಕೊಟ್ಟು ಹೋಗೋ ಗಂಡಸು ಎಲ್ಲಿ ಸಿಕ್ಕಿದ್ನೇ? ಅವನ ಅಣ್ಣತಮ್ಮಂದಿರು ಯಾರಾದ್ರೂ ಇದ್ದಾರಾ ಕೇಳು!"

"ಸುಮ್ನಿರು! ಕುಡುಕ ಅವನು."

"ಹಾಗಾದ್ರೆ ನಿನ್ನ ಮುಖ ಯಾಕೆ ಕೆಂಪಾಯ್ತು?"

ಅವಳು ಶೌಚಾಲಯಕ್ಕೆ ಹೋಗಿ ಮುಖಕ್ಕೆ ನೀರು ಎರಚಿಕೊಂಡಳು. ಕನ್ನಡಿಯಲ್ಲಿದ್ದ ಹೆಂಗಸನ್ನು ನೋಡಿ ಅವಳಿಗೆ ಹೇಸಿಗೆಯಾಯಿತು. ಒಮ್ಮೆ ಹೊಲಸು ತುಳಿದದ್ದು ಸಾಲದೆ? ಮತ್ತೆ ಅಂಥವನ ಬೆನ್ನು ನೋಡಿ ಕರುಳು ಚುರ್ ಅನ್ನುವುದೆಂದರೆ... ಛೀ!

* * *

ಮುಂದಿನ ವಾರ ಅವನ ಅಕ್ಕ ಬಂದಳು. ಶಾಲೆಯ ಟೀಚರಂತೆ. ಮಾತು ಪಟಪಟ, ಕಣ್ಣಿನ ಕೆಳಗೆ ಕಪ್ಪು.

"ಆ ಹಸಿರು ಕಾರು ಮಾರ್ಬೇಕು, ಯಾರಾದ್ರೂ ಇದ್ದರೆ ಹೇಳಿ," ಅಂದವಳು ಕುರ್ಚಿಯಲ್ಲಿ ಕುಸಿದಳು. "ನಿಮ್ಮ ವರದಿ ನೋಡಿ ಗೆದ್ದೆ ಅಂದ್ಕೊಂಡೆ ಕಣ್ರೀ. ಗೆದ್ದು ಏನು ಬಂತು? ನಮ್ಮಮ್ಮ ಆಸ್ಪತ್ರೆಗೇ ಬರೋಲ್ಲ ಅಂತ ಕೂತುಬಿಟ್ಟಿದ್ದಾಳೆ."

"ಆಸ್ಪತ್ರೆಗಾ?"

"ಕ್ಯಾನ್ಸರ್ರು. ಔಷಧಿ ಏರಿಸ್ಕೊಂಡು ಬರೋಕೆ ಆಗಾಗ ಹೋಗ್ಲೇಬೇಕು. ವಾಪಸು ಬರೋ ದಾರೀಲೆಲ್ಲ ವಾಂತಿ. ತಮ್ಮ ಒಂದು ಕೈಲಿ ಸ್ಟೀರಿಂಗ್, ಒಂದು ಕೈಲಿ ಅಮ್ಮನ ಗಲ್ಲದ ಕೆಳಗೆ ಚೀಲ ಹಿಡ್ಕೊಂಡು ಕರ್ಕೊಂಡು ಬರ್ತಿದ್ದ."

ಕೇಳುತ್ತಿದ್ದವಳ ಕೈಯಲ್ಲಿದ್ದ ನೀರಿನ ಲೋಟ ಮೇಜಿನ ಮೇಲೆ ಟಣ್ ಎಂದಿತು.

ಗಲ್ಲದ ಕೆಳಗೆ... ಬೊಗಸೆಯಂತೆ... 'ಅಭ್ಯಾಸ ಬಲ.'

"ಆದ್ರೆ... ಅವರು ತಾವೇ ಅಂದ್ರಲ್ಲ! ವಾಂತಿ ಮಾಡ್ಕೊಂಡಿದ್ದು ನಾನೇ ಅಂದ್ರು!"

"ಅಮ್ಮ ಅಲ್ಲೇ ಕೂತಿರಲಿಲ್ವಾ? ಅವಳೆದುರಿಗೆ ಹೇಗೆ ಹೇಳ್ತಾನೆ? ಕಾಯಿಲೆ ವಿಷಯ ಯಾರ ಹತ್ರಾನೂ ಎತ್ತಕೂಡದು ಅಂತ ಅವಳ ಕಟ್ಟಪ್ಪಣೆ." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ಕಾರಲ್ಲಿ ಕರ್ಕೊಂಡು ಹೋಗ್ತೀನಿ ಅಂದೆ. ನಮ್ಮೆಜಮಾನ್ರು ಸೀಟಿನ ಮೇಲೆ ನ್ಯೂಸ್‌ಪೇಪರ್ ಹಾಸಿದ್ರು. ಅಮ್ಮ ಅದನ್ನ ನೋಡಿ ಹಾಗೇ ವಾಪಸು ಹೋಗಿ ಮಲಗಿದಳು. 'ಬೇರೆಯವರ ಗಾಡೀಲಿ ಗಲೀಜು ಮಾಡಲ್ಲ. ನನ್ನ ಕಾರಲ್ಲಾದ್ರೆ ಯಾರೂ ಮೂಗು ಮುರಿಯಲ್ಲ ಅಂದ್ಕೊಂಡಿದ್ದೆ, ಅಲ್ಲೂ ಥೂ ಅನ್ನಿಸ್ಕೊಂಡೆ' ಅಂತಾಳೆ. ಯಾರಂದ್ರು ಅಂತ ಹೇಳ್ತಿಲ್ಲ."

ಅವಳಿಗೆ ಆ ಕಾರಿನ ಬಾಗಿಲು ತೆರೆದ ಗಳಿಗೆ ನೆನಪಾಯಿತು.

ಥೂ ಅಂದವಳು ನಾನು!

ಎಷ್ಟೋ ಕೊಳಕು ಕಾರುಗಳನ್ನು ಕಂಡಿದ್ದಳು. ಸೀಟಿನಡಿ ಸತ್ತ ಇಲಿ, ಕೊಳೆತ ಹಣ್ಣು, ಹುಳ ಬಿದ್ದ ಹಾಲು. ಅವ್ಯಾವುವೂ ಈ ಹೊತ್ತು ತನ್ನ ಮೇಲೆ ತನಗಾದಷ್ಟು ಅಸಹ್ಯ ಹುಟ್ಟಿಸಿರಲಿಲ್ಲ.

"ವಿಳಾಸ ಕೊಡಿ," ಅಂದಳು.

* * *

ಮನೆಯ ಮುಂದಿನ ಶೆಡ್ಡಿನಲ್ಲಿ ಕಾರು ಹೊದಿಕೆ ಹೊದ್ದು ನಿಂತಿತ್ತು. ಬಾಗಿಲು ತೆರೆದವನು ಅವನೇ. ಇವಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

"ಬೈಯೋದು ಬಾಕಿ ಇತ್ತಾ?"

"ಇತ್ತು. ನನ್ನನ್ನೇ ಬೈಕೊಳ್ಳೋದು." ಅವಳು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಳು. "ಅಕ್ಕ ಎಲ್ಲ ಹೇಳಿದ್ರು. ಅಮ್ಮ ಎಲ್ಲಿದ್ದಾರೆ?"

ಮುದುಕಿ ಕಿಟಕಿಯ ಪಕ್ಕ ಮಂಚದ ಮೇಲಿದ್ದಳು. ಟೋಪಿ ಇರಲಿಲ್ಲ. ಬೋಳು ತಲೆ, ಆದರೆ ಕಣ್ಣು ಮಾತ್ರ ಮೊನಚು. ಜೀವನವೆಲ್ಲ ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳಿದ ಟೀಚರಮ್ಮ. ಊರಿನ ಅರ್ಧ ಜನಕ್ಕೆ ಕ್ಲಚ್ಚು ಯಾವುದು, ಬ್ರೇಕು ಯಾವುದು ಅಂತ ಕಾಲು ಹಿಡಿದು ತೋರಿಸಿದ್ದಳು.

"ಮೂಗು ಬಂತಾ?" ಅಂದಳು ಮುದುಕಿ. "ವಾಸನೆ ಹಿಡ್ಕೊಂಡು ಬಂದೆಯೇನೇ ಇಲ್ಲಿವರೆಗೂ?"

"ತಪ್ಪಾಯ್ತಮ್ಮ."

"ತಪ್ಪೇನು ಬಂತು? ನಾರುತ್ತಿತ್ತು, ನಾರುತ್ತೆ ಅಂದೆ. ಸುಳ್ಳು ಹೇಳಿದ್ದು ನನ್ನ ಮಗ. ಬಾಯಿ ಹೊಲ್ಕೊಂಡು ಕೂತಿದ್ದು ನಾನು. ನೀನು ಅವನನ್ನ ಕುಡುಕ ಅಂದ್ಕೊಂಡಾಗಲೂ ಸುಮ್ನಿದ್ದೆನಲ್ಲ, ಆ ಅಸಹ್ಯ ನನಗಿನ್ನೂ ಹೋಗಿಲ್ಲ." ಕಿಟಕಿಯಾಚೆ ಶೆಡ್ಡಿನ ಕಡೆ ನೋಡಿ ಕೇಳಿದಳು, "ಆ ಕಾರು ಯಾಕೆ ಕೊಂಡೆ ಗೊತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಆಯುಷ್ಯವೆಲ್ಲ ಎರಡನೇ ಗೇರಲ್ಲೇ ಕಳೆದೆ ಕಣೆ. ಪಕ್ಕದಲ್ಲೊಂದು ನಡುಗೋ ಹುಡುಗಿ, ಕಾಲಡಿ ಒಂದು ಬ್ರೇಕು. ರಿಟೈರ್ ಆದಮೇಲೆ, ಇನ್ನಾದ್ರೂ ಮೇಲಿನ ಗೇರು ಹಾಕೋಣ ಅಂತ ಕೊಂಡೆ. ಆಸ್ಪತ್ರೆಗಾದ್ರೂ ಸರಿ, ಅದರಲ್ಲಿ ಹೋದ್ರೆ ಎಲ್ಲೋ ಜುಮ್ಮಂತ ತಿರುಗಾಡೋಕೆ ಹೊರಟೆ ಅನ್ನಿಸೋದು. ಈಗ ನೀನೇ ನಂಬೋ ಹಾಗಿಲ್ಲ ಅಂದುಬಿಟ್ಟೆಯಲ್ಲ."

"ಸುಳ್ಳು ಬರೆದೆ!" ಅವಳು ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. "ಅಮ್ಮ, ನನಗೆ ಕಾರು ಗೊತ್ತು. ಇಂಥ ಕಾರು ಕೆಡೋದು ಓಡಿಸಿದ್ರೆ ಅಲ್ಲ, ಹೊದಿಕೆ ಹಾಕಿ ನಿಲ್ಲಿಸಿದ್ರೆ. ಬ್ಯಾಟರಿ ಇಳಿಯುತ್ತೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತೆ, ರಬ್ಬರು ಒಣಗಿ ಬಿರಿಯುತ್ತೆ. ಕ್ಲಚ್ಚು ಸ್ವಲ್ಪ ಬೇಗ ಸವೆಯಬಹುದು, ಉಬ್ಬುಗಳಲ್ಲಿ ಹುಷಾರಾಗಿರಬೇಕು, ಅಷ್ಟೇ. ದಿನಾ ಓಡಿಸೋರಿಗೆ ಅದು ಕೈ ಕೊಡಲ್ಲ. ಹೊಸ ವರದಿ ಬರೆದು ತಂದಿದ್ದೀನಿ. ನಾಳೆ ಆಸ್ಪತ್ರೆಗೆ ಹೋಗಿ, ಅಮ್ಮ. ಕೈ ಮುಗಿದು ಕೇಳ್ಕೋತೀನಿ."

ಹೇಳುತ್ತ ಹೇಳುತ್ತ ಅವಳಿಗೆ ತನ್ನ ಎದೆಯೊಳಗೇ ಏನೋ ಕಿರುಗುಟ್ಟಿದಂತಾಯಿತು. ಗಂಡನ ಮನೆ ಬಿಟ್ಟು ಬಂದಾಗಿನಿಂದ ಅಲ್ಲಿಯೂ ಒಂದು ಹೊದಿಕೆ ಹೊದಿಸಿಯೇ ಇತ್ತಲ್ಲ?

ಮುದುಕಿ ಗೋಡೆಗೆ ಕೈಯೂರಿ ಎದ್ದು ಕೂತಳು.

"ಬರ್ತೀನಿ. ಆದ್ರೆ ಒಂದು ಷರತ್ತು. ಥೂ ಅಂದವಳೇ ಓಡಿಸ್ಬೇಕು."

"ಅಮ್ಮಾ!" ಅಂದ ಮಗ.

"ನೀನು ಬಸ್ಸಲ್ಲಿ ಬಾರೋ. ಇರೋದೇ ಎರಡು ಸೀಟು."

* * *

ಹೋಗುವಾಗ ಎಲ್ಲ ಸುಸೂತ್ರ. ಇಳಿದ ಬ್ಯಾಟರಿಗೆ ಬೆಳಿಗ್ಗೆಯೇ ತನ್ನ ಗಾಡಿಯಿಂದ ತಂತಿ ಹಚ್ಚಿ ಜೀವ ಕೊಟ್ಟಿದ್ದಳು. ಸಿಗ್ನಲ್ಲಿನಲ್ಲಿ ಟೀಚರಮ್ಮ, "ಕ್ಲಚ್ ಮೇಲೆ ಕಾಲಿಟ್ಕೊಂಡು ನಿದ್ದೆ ಮಾಡಬೇಡ," ಅಂತ ಗದರಿದಳು. ಖಾಲಿ ರಸ್ತೆ ಸಿಕ್ಕಲ್ಲಿ, "ಹಾಕೇ ಮೇಲಿನ ಗೇರು!" ಅಂತ ಹುರಿದುಂಬಿಸಿದಳು.

ಬರುವಾಗ... ಆಸ್ಪತ್ರೆಯ ತಿರುವು ದಾಟುತ್ತಿದ್ದಂತೆ ಮುದುಕಿಯ ಮುಖ ಬಿಳುಪೇರಿತು. ಇವಳು ಚೀಲ ಚಾಚುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೇರಿನ ಮೇಲೆ, ಇವಳ ತೋಳಿನ ಮೇಲೆ, ಮಡಿಲಿನಲ್ಲಿ... ಬೆಚ್ಚಗೆ, ಹುಳಿಯಾಗಿ, ಔಷಧಿಯ ಕಹಿನಾತದ ಜೊತೆ.

ಕಾರು ಬದಿಗೆ ನಿಂತಿತು.

ಮುದುಕಿ ಬಾಯಿ ಒರೆಸಿಕೊಳ್ಳಲಿಲ್ಲ. ಅವಳ ಕಣ್ಣು ಇವಳ ಮುಖದ ಮೇಲೆಯೇ ಇತ್ತು. ಹುಬ್ಬು ಗಂಟಾಗುತ್ತದೋ, ಮೂಗು ಸಿಂಡರಿಸುತ್ತದೋ ಎಂದು ಕಾಯುತ್ತಿದ್ದ, ಹೆದರಿದ ಕಣ್ಣು.

ಇವಳು ನಗಲು ನೋಡಿದಳು. ಆಗಲಿಲ್ಲ. ಹೊಟ್ಟೆ ಬುಡಮೇಲಾಯಿತು. ಬಾಗಿಲು ತಳ್ಳಿ, ಹೊರಗೆ ಬಗ್ಗಿ, ರಸ್ತೆಯ ಬದಿಯಲ್ಲಿ ತಾನೂ ವಾಂತಿ ಮಾಡಿಕೊಂಡಳು!

ಬೆನ್ನ ಹಿಂದೆ ಒಂದು ಸದ್ದು. ಅಳುವೇ?

ಅಲ್ಲ. ಮುದುಕಿ ನಗುತ್ತಿದ್ದಳು. ಮೈ ಕುಲುಕಿಸಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ಎಷ್ಟು ಜನಕ್ಕೆ ಡ್ರೈವಿಂಗ್ ಕಲಿಸಿದೆನೋ! ಜೊತೆಗೆ ಕೂತು ವಾಂತಿ ಮಾಡಿದವಳು ನೀನೊಬ್ಬಳೇ ಕಣೆ!"

ಅವಳು ನೀರಿನ ಬಾಟಲಿ ತೆಗೆದು ಮೊದಲು ಮುದುಕಿಯ ಬಾಯಿ ತೊಳೆದಳು. ಗಲ್ಲ ಒರೆಸಿದಳು. ಟೋಪಿ ನೆಟ್ಟಗೆ ಮಾಡಿದಳು. ಆಮೇಲೆ ಗೇರು, ಸೀಟಿನ ಅಂಚು, ತನ್ನ ತೋಳು. ಮಧ್ಯೆ ಮಧ್ಯೆ ವಾಕರಿಕೆ ಬರುತ್ತಲೇ ಇತ್ತು. ಕೈ ಮಾತ್ರ ನಿಲ್ಲಲಿಲ್ಲ.

"ಮೂಗು ಮುಚ್ಚಿಕೊಳ್ಳಲಿಲ್ಲವಲ್ಲೇ," ಅಂದಳು ಮುದುಕಿ ಮೆಲ್ಲಗೆ.

"ಕೈ ಖಾಲಿ ಇರಲಿಲ್ಲಮ್ಮ."

ಮುದುಕಿ ಅವಳ ಒದ್ದೆ ಕೈಯನ್ನು ಹಿಡಿದುಕೊಂಡಳು. ಮನೆ ಬರುವವರೆಗೂ, ಗೇರು ಬದಲಿಸುವಾಗಲೂ, ಬಿಡಲಿಲ್ಲ.

* * *

ಸಂಜೆ ಬಿಸಿಲಲ್ಲಿ ಇಬ್ಬರೂ ಕಾರು ತೊಳೆಯುತ್ತಿದ್ದರು. ಅಮ್ಮ ಒಳಗೆ ನಿದ್ದೆ ಹೋಗಿದ್ದಳು. ಅವನು ಸೀಟು ಉಜ್ಜುತ್ತಿದ್ದ, ಅವಳು ಗೇರಿನ ಸಂದಿಗೆ ಹಲ್ಲುಜ್ಜುವ ಬ್ರಷ್ ಹಾಕಿದ್ದಳು. ಕೆಲಸ ಮಾಡುತ್ತಲೇ, ಮುಖ ನೋಡದೆ, ತನ್ನ ಹಳೆಯ ಮನೆಯ ಕಥೆಯನ್ನೆಲ್ಲ ಹೇಳಿದಳು. ಕಥೆ ಮುಗಿದಾಗ, ಕನ್ನಡಿಗೆ ನೇತು ಹಾಕಿದ್ದ ನಿಂಬೆ ಪರಿಮಳದ ಡಬ್ಬಿಯನ್ನು ಕಿತ್ತು ಕಸದ ಬುಟ್ಟಿಗೆ ಎಸೆದ.

"ಇನ್ಮೇಲೆ ಬರೀ ಸೋಪು," ಅಂದ.

ಅವಳ ಕಣ್ಣು ತುಂಬಿತು. ಕೈಯಲ್ಲೆಲ್ಲ ನೊರೆ. ಒರೆಸಿಕೊಳ್ಳಲು ಹೋಗಿ ಕನ್ನಡಕಕ್ಕೂ ಮೆತ್ತಿತು.

"ಇರಿ..." ಅವನು ಕನ್ನಡಕ ತೆಗೆದು, ಅಂಗಿಯ ಒಳತುದಿಯಿಂದ ಒರೆಸಿ, ತಾನೇ ಅವಳ ಕಿವಿಗೆ ಸಿಕ್ಕಿಸಿದ. ಕೈ ಕೆಳಗಿಳಿಯುತ್ತ ಅವಳ ಗಲ್ಲದ ಕೆಳಗೆ ಬಂದು ತಡೆಯಿತು. ಈ ಸಲವೂ ತಾಗಲಿಲ್ಲ.

ಅವಳೇ ಗಲ್ಲವನ್ನು ಆ ಬೊಗಸೆಗೆ ಇಳಿಸಿದಳು.

"ನೀವು ಮೊದಲ ದಿನ ಕೈ ತೆಗೀರಿ ಅಂತ ಗದರಿದಾಗಲೂ," ಅಂದ ಅವನು, "ಈ ವಾಲಿದ ಕನ್ನಡಕವನ್ನ ಯಾರಾದ್ರೂ ಸರಿ ಮಾಡಬಾರದಾ, ನಾನೇ ಮಾಡಿದ್ರೆ ಆಗದಾ ಅಂತ ಅನ್ನಿಸ್ತಿತ್ತು. ದಿನಾ ಮಾಡೋ ಹಾಗಿದ್ರೆ... ದಿನಾ."

ಅವಳು ಕಣ್ಣೆತ್ತಿ ಅವನನ್ನೇ ನೋಡಿದಳು.

"ನನಗೆ ಇವತ್ತೂ ಅಸಹ್ಯ ಆಯ್ತು. ಸುಳ್ಳು ಹೇಳಲ್ಲ."

"ಗೊತ್ತು. ಅಮ್ಮ ಹೇಳಿದಳು. ನನಗೂ ಆಗುತ್ತೆ, ಪ್ರತಿ ಸಲ."

"ಮುಂದಿನ ಸಲಾನೂ ಆಗುತ್ತೆ."

"ಮತ್ತೆ...?"

"ಮುಂದಿನ ಸಲಾನೂ ನಾನೇ ಓಡಿಸ್ತೀನಿ. ನೀವು ಬಸ್ಸಲ್ಲಿ ಬನ್ನಿ."